ಎಂಬತ್ತೆರಡನೆಯವನಿಗೆ ಮೊದಲ ಸ್ಥಾನ

ಐ.ಪಿ.ಎಲ್. ಹರಾಜು ನಡೆದ ಮರುದಿನ ಹತ್ತನೆಯ ತರಗತಿಯಲ್ಲಿ ವ್ಯಾಕರಣ ಪಾಠ ಸಾಗುವುದಿಲ್ಲವೆಂಬುದು ನನ್ನ ಅನುಭವ. ಯಾರಿಗೆ ಎಷ್ಟು ಕೋಟಿ, ಯಾರು ಮಾರಾಟವಾಗದೆ ಉಳಿದರು ಎಂಬ ಪಿಸುಮಾತು ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ಹರಿದು ಬರುತ್ತಲೇ ಇರುತ್ತದೆ. ಅಂಥದೊಂದು ದಿನ, ಹಣದ ಕೂಗಾಟವಿಲ್ಲದೆ ಆಟಗಾರರನ್ನು ಹಂಚಿಕೊಳ್ಳುವ ಇನ್ನೊಂದು ಕ್ರಮವಿದೆಯೆಂದು ಹೇಳಹೊರಟು, ಅಷ್ಟರಲ್ಲಿ ಗಂಟೆಯಾದುದರಿಂದ ಅರ್ಧಕ್ಕೇ ನಿಲ್ಲಿಸಿದ್ದೆ. ಉಳಿದ ಅರ್ಧವನ್ನು ವಾರ್ಷಿಕ ಸಂಚಿಕೆಯ ಈ ಪುಟಗಳಲ್ಲಿ ಹೇಳುತ್ತೇನೆ.

ಆ ಕ್ರಮದ ಹೆಸರು ಡ್ರಾಫ್ಟ್. ಅದು ಹುಟ್ಟಿ ಬೆಳೆದದ್ದು ಅಮೇರಿಕದ ಫುಟ್ಬಾಲಿನಲ್ಲಿ. ನಮ್ಮ ಕಾಸರಗೋಡಿನಲ್ಲಿ ಫುಟ್ಬಾಲ್ ಎಂದರೆ ಮಕ್ಕಳ ಕಣ್ಣ ಮುಂದೆ ಬರುವುದು ಸೆವೆನ್ಸ್ ಪಂದ್ಯ. ಅಮೇರಿಕದವರ ಫುಟ್ಬಾಲ್ ಬೇರೆಯೇ ಆಟ. ಅಲ್ಲಿ ಚೆಂಡಿನ ಎರಡು ತುದಿಗಳೂ ಚೂಪು. ಕಾಲಿಗಿಂತ ಕೈಗೆ ಕೆಲಸ ಹೆಚ್ಚು. ಎದುರಾಳಿಯನ್ನು ಹಿಡಿದು ಕೆಡಹುವುದೂ ಆಟದ ಭಾಗವೇ. ಆ ಆಟದ ನಿಯಮ ತಿಳಿಯದಿದ್ದರೂ ತೊಂದರೆಯಿಲ್ಲ, ಏಕೆಂದರೆ ನಾನು ಬರೆಯಹೊರಟದ್ದು ಆರಿಸುವ ಬಗೆಯನ್ನು ಕುರಿತು.

1935ರಲ್ಲಿ ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್ ಎಂಬವರು ಒಂದು ಸಲಹೆ ಮುಂದಿಟ್ಟರು. ಹಣವಂತ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡರೆ ಬಡ ತಂಡಗಳು ಬದುಕುವುದು ಹೇಗೆ? ಆದುದರಿಂದ ಕಾಲೇಜು ಮುಗಿಸಿ ಬರುವ ಆಟಗಾರರ ಹೆಸರುಗಳನ್ನು ಬರೆದಿಟ್ಟು, ಹಿಂದಿನ ವರ್ಷ ಕಟ್ಟಕಡೆಗೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಕೊನೆಯ ಆಯ್ಕೆ ಎಂಬಂತೆ ಸರದಿಯ ಪ್ರಕಾರ ಆರಿಸೋಣ ಎಂದರು. 1936ರಲ್ಲಿ ಇದು ಜಾರಿಗೆ ಬಂತು. ಸೋತವನಿಗೆ ಮೊದಲ ತುತ್ತು! ಇದಕ್ಕಿಂತ ನ್ಯಾಯವಾದ ಏರ್ಪಾಡು ಆಟದ ಲೋಕದಲ್ಲಿ ಅಪರೂಪವೆಂದೇ ನನಗೆ ತೋರುತ್ತದೆ. ನಮ್ಮ ದೇಶದಲ್ಲೂ 2014ರಲ್ಲಿ ಐ.ಎಸ್.ಎಲ್. ಆರಂಭವಾದಾಗ ಹಲವು ಭಾರತೀಯ ಆಟಗಾರರನ್ನು ಡ್ರಾಫ್ಟ್ ಕ್ರಮದಲ್ಲೇ ತಂಡಗಳಿಗೆ ಹಂಚಲಾಯಿತು.

ಅಮೇರಿಕದಲ್ಲಿ ಒಂದೊಂದು ತಂಡದ ಅಭಿಮಾನಿಗಳೂ ತಮ್ಮ ತಂಡ ಇಷ್ಟು ದಶಕಗಳಲ್ಲಿ ಮಾಡಿದ ಶ್ರೇಷ್ಠ ಆಯ್ಕೆಗಳು ಯಾವುವೆಂದು ಪಟ್ಟಿ ಮಾಡುವುದರಲ್ಲಿ ಬಲು ಆಸಕ್ತರು. ನಾನು ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡವನ್ನು ತೆಗೆದುಕೊಂಡು ನನ್ನದೊಂದು ಪಟ್ಟಿ ಮಾಡಿದ್ದೇನೆ. ಉಕ್ಕಿನ ಕಾರ್ಖಾನೆಗಳ ಊರಾದ ಪಿಟ್ಸ್‌ಬರ್ಗಿನಲ್ಲಿ 1933ರಲ್ಲಿ ಆರ್ಟ್ ರೂನಿ ಎಂಬವರು ಕಟ್ಟಿದ ತಂಡವಿದು. ಇದನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅತ್ಯಂತ ಜಾಣತನದ ಆಯ್ಕೆಗಳೂ ಅತ್ಯಂತ ಪೆದ್ದುತನದ ಆಯ್ಕೆಗಳೂ ಈ ಒಂದೇ ಮನೆಯಲ್ಲಿ ನಡೆದಿವೆ.

ಪೆದ್ದುತನವನ್ನೇ ಮೊದಲು ನೋಡೋಣ. 1936ರ ಮೊದಲ ಡ್ರಾಫ್ಟಿನಲ್ಲಿ ಈ ತಂಡ ಆರಿಸಿದ ಮೊದಲ ಆಟಗಾರನ ಹೆಸರು ವಿಲಿಯಂ ಷೇಕ್ಸ್‌ಪಿಯರ್! ನಮ್ಮ ಇಂಗ್ಲಿಷ್ ಅಧ್ಯಾಪಕರು ಸಂತೋಷಪಡುವ ಮೊದಲೇ ಹೇಳಿಬಿಡುತ್ತೇನೆ: ಆತ ವ್ಯಾಪಾರದ ಉದ್ಯೋಗಕ್ಕೆ ಹೋದ, ಈ ತಂಡಕ್ಕಾಗಿ ಒಂದು ದಿನವೂ ಆಡಲಿಲ್ಲ. ಅದು ನಕ್ಕು ಬಿಡಬಹುದಾದ ಸಂಗತಿ. 1955ರದ್ದು ಹಾಗಲ್ಲ. ಆ ವರ್ಷ ಒಂಬತ್ತನೆಯ ಸುತ್ತಿನಲ್ಲಿ ತಮ್ಮ ಊರಿನ ಹುಡುಗ ಜಾನಿ ಯುನಿಟಾಸ್‌ನನ್ನು ಆರಿಸಿ, ಅಭ್ಯಾಸ ಪಂದ್ಯದಲ್ಲೂ ಒಂದು ಅವಕಾಶ ಕೊಡದೆ ಮನೆಗೆ ಕಳುಹಿಸಿದರು. ಆತ ಕಟ್ಟಡದ ಕೆಲಸ ಮಾಡುತ್ತ, ಪಂದ್ಯವೊಂದಕ್ಕೆ 6 ಡಾಲರಿನಂತೆ ಊರಿನ ಸಣ್ಣ ತಂಡವೊಂದರಲ್ಲಿ ಆಡಿದ. ಮರುವರ್ಷ ಬಾಲ್ಟಿಮೋರ್ ತಂಡ ಕರೆಯಿತು. 1958ರಲ್ಲಿಯೂ 1959ರಲ್ಲಿಯೂ ಆ ತಂಡವನ್ನು ಚಾಂಪಿಯನ್ ಮಾಡಿದವನು ಅವನೇ. 1957ರಲ್ಲಿ ಸ್ಟೀಲರ್ಸ್ ಐದನೆಯ ಸರದಿಯಲ್ಲಿ ಇನ್ನೊಬ್ಬನನ್ನು ಆರಿಸಿದರೆ, ಆರನೆಯ ಸರದಿಯ ಕ್ಲೀವ್‌ಲ್ಯಾಂಡ್ ತಂಡ ಜಿಮ್ ಬ್ರೌನ್‌ನನ್ನು ಎತ್ತಿಕೊಂಡಿತು. ಆಟ ಬಲ್ಲವರಿಗೆ ಆ ಹೆಸರು ಸಾಕು.

ಹೀಗೆ ಸೋತು ಸುಣ್ಣವಾಗಿದ್ದ ತಂಡಕ್ಕೆ 1969ರಲ್ಲಿ ಚಕ್ ನೋಲ್ ಎಂಬ ತರಬೇತುದಾರರು ಬಂದರು. ಅವರು ಬಂದೊಡನೆ ನಾಲ್ಕನೆಯ ಸರದಿಯಲ್ಲಿ ಆರಿಸಿದ್ದು ಟೆಕ್ಸಾಸಿನ ಜೋ ಗ್ರೀನ್‌ನನ್ನು. ಯಾರಪ್ಪ ಈ ಜೋ ಗ್ರೀನ್ ಎಂಬ ಧಾಟಿಯಲ್ಲಿ ಊರಿನ ಪತ್ರಿಕೆ ತಲೆಬರಹ ಕೊಟ್ಟಿತು. ಆ ವರ್ಷ ತಂಡ 14 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಆದರೆ ಆ ದಶಕ ಮುಗಿದ ಆಟದ ಋತುವಿನೊಳಗೆ ಇದೇ ತಂಡ ನಾಲ್ಕು ಬಾರಿ ದೇಶದ ಚಾಂಪಿಯನ್ ಆಯಿತು. ಗ್ರೀನ್ ಆ ನಾಲ್ಕರಲ್ಲೂ ಇದ್ದ. ಆದುದರಿಂದ ಯಾರು ಪಟ್ಟಿ ಮಾಡಿದರೂ ಬಹುಮಟ್ಟಿಗೆ ಮೊದಲ ಹೆಸರು ಅವನದೇ.

ನನ್ನ ಭಿನ್ನಾಭಿಪ್ರಾಯ ಇಲ್ಲಿಂದಲೇ ಆರಂಭ. ಗ್ರೀನ್ ಮಹಾ ಆಟಗಾರ, ಸಂದೇಹವಿಲ್ಲ. ಆದರೆ ನಾವು ಅಳೆಯಹೊರಟದ್ದು ಆಟಗಾರನನ್ನೋ, ಆಯ್ಕೆಯನ್ನೋ? ಇಡೀ ದೇಶದ ಹುಡುಗರಲ್ಲಿ ಮೂವರನ್ನು ಬಿಟ್ಟು ಉಳಿದ ಎಲ್ಲರೂ ನಿಮ್ಮ ಮುಂದೆ ನಿಂತಿರುವಾಗ ಒಳ್ಳೆಯವನನ್ನು ಆರಿಸುವುದು ಒಳ್ಳೆಯ ಕೆಲಸ, ಅದ್ಭುತವಲ್ಲ. ಸಂತೆಗೆ ಬೆಳಗ್ಗೆಯೇ ಹೋದವನು ಒಳ್ಳೆಯ ಬದನೆ ತಂದರೆ ಯಾರು ಹೊಗಳುತ್ತಾರೆ? ಎಲ್ಲರೂ ಮುಟ್ಟಿ ನೋಡಿ ಬಿಟ್ಟುಹೋದ ರಾಶಿಯಿಂದ ಸಂಜೆ ಆರಿಸಿ ತಂದವನ ಕಣ್ಣು ಕಣ್ಣು. 1970ರ ಮೊದಲ ಆಯ್ಕೆಯಾದ ಟೆರಿ ಬ್ರಾಡ್‌ಷಾನ ವಿಷಯದಲ್ಲಂತೂ ಕಣ್ಣಿಗಿಂತ ನಾಣ್ಯದ್ದೇ ಹೆಚ್ಚಿನ ಪಾಲು. ಅಷ್ಟೇ ಕೆಟ್ಟದಾಗಿ ಸೋತಿದ್ದ ಶಿಕಾಗೋ ತಂಡದೊಡನೆ ನಾಣ್ಯ ಚಿಮ್ಮಿ ಗೆದ್ದ ಸರದಿ ಅದು.

ಆದುದರಿಂದ ನನ್ನ ಪಟ್ಟಿಯ ಮೊದಲ ಸ್ಥಾನ 1974ರ ಡ್ರಾಫ್ಟಿನಲ್ಲಿ ಎಂಬತ್ತೆರಡನೆಯವನಾಗಿ ಬಂದ ಜಾನ್ ಸ್ಟಾಲ್‌ವರ್ತ್‌ನಿಗೆ. ಓಡುತ್ತ ಹೋಗಿ ದೂರದ ಚೆಂಡು ಹಿಡಿಯುವುದು ಅವನ ಕೆಲಸ. 81 ಹೆಸರುಗಳನ್ನು ಕೂಗಿದ ಮೇಲೆ ಅವನ ಹೆಸರು ಬಂತು. ಅದಕ್ಕೆ ಕಾರಣ ಅವನ ಕಾಲುಗಳಲ್ಲ, ಅವನ ಕಾಲೇಜು. ಅಲಬಾಮಾದಲ್ಲಿ ಕಪ್ಪು ಜನರಿಗಾಗಿ ಸ್ಥಾಪಿತವಾದ ಕಾಲೇಜು ಅದು. ವರ್ಣಭೇದವಿದ್ದ ದಕ್ಷಿಣದ ಸೀಮೆಯಲ್ಲಿ ಅಂಥ ಕಾಲೇಜುಗಳು ಬಹಳವಿದ್ದವು. ಅಲ್ಲಿಯ ಮೈದಾನಗಳ ಕಡೆಗೆ ದೊಡ್ಡ ತಂಡಗಳ ಪರೀಕ್ಷಕರು ಹೋಗುತ್ತಿದ್ದುದು ಕಡಿಮೆ, ಹೋದರೂ ಒಮ್ಮೆ ಇಣುಕಿ ಬರುತ್ತಿದ್ದರು.

ಆ ಮೈದಾನಗಳನ್ನು ಅಂಗೈಯ ಗೆರೆಯಂತೆ ಬಲ್ಲವರೊಬ್ಬರಿದ್ದರು, ಬಿಲ್ ನನ್. ಪಿಟ್ಸ್‌ಬರ್ಗಿನಲ್ಲಿ ಕಪ್ಪು ಜನರೇ ನಡೆಸುತ್ತಿದ್ದ ‘ಕೊರಿಯರ್’ ಪತ್ರಿಕೆಯ ಕ್ರೀಡಾ ಸಂಪಾದಕರು. ಈ ಕಾಲೇಜುಗಳ ಅತ್ಯುತ್ತಮ ಆಟಗಾರರ ಪಟ್ಟಿಯನ್ನು ವರ್ಷ ವರ್ಷವೂ ಪ್ರಕಟಿಸುತ್ತಿದ್ದರು. ಊರಿನ ತಂಡವೇ ಅದನ್ನು ಕಣ್ಣೆತ್ತಿ ನೋಡುವುದಿಲ್ಲವೆಂದು ಅವರಿಗೆ ಅಸಮಾಧಾನವಿತ್ತು. ಒಡೆಯರ ಮಗ ಡ್ಯಾನ್ ರೂನಿ ಆ ದೂರನ್ನು ಕೇಳಿ ಕೋಪಿಸಿಕೊಳ್ಳಲಿಲ್ಲ. ಹಾಗಾದರೆ ನೀವೇ ಬಂದು ನಮಗೆ ಆರಿಸಿಕೊಡಿ ಎಂದು ಅವರನ್ನು ಕೆಲಸಕ್ಕೆ ಕರೆದರು. ದೂರು ಹೇಳಿದವನನ್ನೇ ಕರೆದು ಕೂರಿಸಿಕೊಂಡ ಈ ನಡತೆಯೂ ಒಂದು ಆಯ್ಕೆಯೇ. ಪಟ್ಟಿಯಲ್ಲಿ ಸೇರಿಸಲು ಬರುವುದಿಲ್ಲ, ಅಷ್ಟೆ.

ಸ್ಟಾಲ್‌ವರ್ತ್‌ನ ಓಟವನ್ನು ಅಳೆಯಲು ಹಲವು ತಂಡಗಳ ಪರೀಕ್ಷಕರು ಒಟ್ಟಾಗಿ ಹೋಗಿದ್ದರಂತೆ. ಅಂದು ನೆಲ ಒದ್ದೆಯಾಗಿತ್ತು, ಓಟ ಸಾಧಾರಣವೆನಿಸಿತು, ಎಲ್ಲರೂ ಬರೆದುಕೊಂಡು ಮುಂದಿನ ಊರಿಗೆ ಹೊರಟರು. ಬಿಲ್ ನನ್ ಅವರು ಮಾತ್ರ ಮೈ ಸರಿಯಿಲ್ಲವೆಂಬ ನೆಪ ಹೇಳಿ ಹಿಂದೆ ಉಳಿದು, ಮರುದಿನ ಒಣ ನೆಲದಲ್ಲಿ ಅವನನ್ನು ಇನ್ನೊಮ್ಮೆ ಓಡಿಸಿ ನೋಡಿದರು. ಆ ಎರಡನೆಯ ಓಟದ ಲೆಕ್ಕ ಸ್ಟೀಲರ್ಸ್ ತಂಡದ ಬಳಿ ಮಾತ್ರ ಇತ್ತು. ಬೇರೆಯವರಿಗೆ ಇವನ ಬೆಲೆ ತಿಳಿಯದೆಂಬ ಧೈರ್ಯದಿಂದ ಅವರು ನಾಲ್ಕನೆಯ ಸುತ್ತಿನವರೆಗೂ ಕಾದರು. ಮುಂದೆ ಆತ 14 ವರ್ಷ ಆಡಿ, 537 ಬಾರಿ ಚೆಂಡು ಹಿಡಿದು, 1979 ಮತ್ತು 1980ರ ಎರಡು ಸೂಪರ್ ಬೌಲ್‌ಗಳಲ್ಲಿ ತಂಡದ ಗೆಲುವಿಗೆ ಮುಖ್ಯ ಕಾರಣನಾದ.

ಈ ಒದ್ದೆ ನೆಲದ ಕಥೆಯನ್ನು ಮೊದಲು ಓದಿದಾಗ ನನಗೆ ನೆನಪಾದುದು ನನ್ನದೇ ಒಂದು ಆಯ್ಕೆ. ಕೆಲವು ವರ್ಷಗಳ ಹಿಂದೆ ಉಪಜಿಲ್ಲಾ ಕಲೋತ್ಸವದ ಕನ್ನಡ ಪದ್ಯ ಕಂಠಪಾಠಕ್ಕೆ ಒಬ್ಬರನ್ನು ಕಳುಹಿಸಬೇಕಿತ್ತು. ಅಂದು ಒಬ್ಬ ಹುಡುಗನಿಗೆ ಶೀತವಾಗಿ ಗಂಟಲು ಕಟ್ಟಿತ್ತು. ಎರಡು ಚರಣ ಆಗುವಷ್ಟರಲ್ಲಿ ‘ಸಾಕು, ಕೂತುಕೋ’ ಎಂದೆ. ಬೇರೊಬ್ಬ ವಿದ್ಯಾರ್ಥಿನಿ ಹೋದಳು, ಚೆನ್ನಾಗಿಯೇ ಹೇಳಿ ಬಂದಳು. ಆಯ್ಕೆ ತಪ್ಪೆಂದು ಯಾರೂ ಹೇಳಲಿಲ್ಲ. ಎರಡು ವಾರಗಳ ಬಳಿಕ ಊಟದ ಬಿಡುವಿನಲ್ಲಿ ಬಾವಿಕಟ್ಟೆಯ ಹತ್ತಿರ ಯಾರೋ ಅದೇ ಪದ್ಯವನ್ನು ಹೇಳುತ್ತಿರುವುದು ಕೇಳಿಸಿತು. ತಟ್ಟೆ ತೊಳೆಯುತ್ತ, ಯಾರಿಗಾಗಿಯೂ ಅಲ್ಲದೆ, ಆ ಹುಡುಗ ಹೇಳುತ್ತಿದ್ದ. ನಾನು ವರಾಂಡದಲ್ಲಿ ನಿಂತುಬಿಟ್ಟೆ. ‘ನಾಳೆ ಇನ್ನೊಮ್ಮೆ ಹೇಳು’ ಎನ್ನುವುದಕ್ಕೆ ನನಗೆ ಬೇಕಾಗಿದ್ದುದು ಹತ್ತು ನಿಮಿಷ. ಮುಂದಿನ ವರ್ಷ ಹೆಸರು ಕೊಡೆಂದರೆ ಅವನು ಕೊಡಲಿಲ್ಲ.

ಎರಡನೆಯ ಸ್ಥಾನ ಮೈಕ್ ವೆಬ್‌ಸ್ಟರ್‌ನದು. ಅದೇ 1974ರಲ್ಲಿ ಐದನೆಯ ಸುತ್ತು, 125ನೆಯ ಸರದಿ. ಪ್ರತಿ ಬಾರಿಯೂ ಬಗ್ಗಿ ನಿಂತು ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಟ್ಟು, ಮರುಕ್ಷಣ ಎದುರಿನವನಿಗೆ ತಲೆಯೊಡ್ಡಿ ತಡೆಯುವ ಸ್ಥಾನ ಅವನದು. ದೇಹ ಸಣ್ಣದೆಂದು ಇತರರು ಬಿಟ್ಟಿದ್ದರು. ಆತ 15 ವರ್ಷ ಈ ತಂಡಕ್ಕೆ ಆಡಿದ. ಅದರಲ್ಲಿ ಸಾಲಾಗಿ 177 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ತಂಡದ ಲೆಕ್ಕದಲ್ಲಿ ಇದಕ್ಕಿಂತ ಲಾಭದ ಆಯ್ಕೆಯಿಲ್ಲ. ಅವನ ಲೆಕ್ಕ ಬೇರೆ. ಆಟ ಬಿಟ್ಟ ಮೇಲೆ ಮರೆವು, ನಿದ್ರಾಹೀನತೆ, ಬಡತನ. 2002ರಲ್ಲಿ, 50ನೆಯ ವಯಸ್ಸಿನಲ್ಲಿ ತೀರಿಕೊಂಡ. ನೈಜೀರಿಯಾದಲ್ಲಿ ಹುಟ್ಟಿ ಪಿಟ್ಸ್‌ಬರ್ಗಿನಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರ್ ಬೆನೆಟ್ ಒಮಾಲು ಅವನ ಮೆದುಳನ್ನು ಪರೀಕ್ಷಿಸಿ, ಮತ್ತೆ ಮತ್ತೆ ತಲೆಗೆ ಬಿದ್ದ ಪೆಟ್ಟುಗಳಿಂದಾದ ರೋಗವನ್ನು ಕಂಡುಹಿಡಿದರು. 2005ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದಾಗ, ಫುಟ್ಬಾಲ್ ಸಂಘದ ಸಮಿತಿಯ ವೈದ್ಯರು ಲೇಖನವನ್ನು ಹಿಂತೆಗೆದುಕೊಳ್ಳಬೇಕೆಂದು ಒತ್ತಾಯಿಸಿದರು. ಅವರು ಹಿಂತೆಗೆಯಲಿಲ್ಲ. ಹೆತ್ತವರಲ್ಲಿ ನನ್ನದೊಂದು ವಿನಂತಿ: ಆಟದಲ್ಲಿ ತಲೆಗೆ ಪೆಟ್ಟು ಬಿದ್ದ ಮಗು ‘ಏನೂ ಆಗಿಲ್ಲ’ ಎಂದರೂ ಆ ದಿನ ಮತ್ತೆ ಮೈದಾನಕ್ಕೆ ಬಿಡಬೇಡಿ, ವೈದ್ಯರಿಗೆ ತೋರಿಸಿ.

ಮೂರನೆಯವನು ಮೆಲ್ ಬ್ಲೌಂಟ್, 1970ರ ಮೂರನೆಯ ಸುತ್ತಿನ ಆಯ್ಕೆ, ಇವನೂ ಅಂಥದೇ ಕಾಲೇಜಿನವನು. ಎದುರಾಳಿಗಳನ್ನು ಇವನು ತಡೆಯುತ್ತಿದ್ದ ರೀತಿಯನ್ನು ಕಂಡು ಬೇಸತ್ತು 1978ರಲ್ಲಿ ಆಟದ ನಿಯಮವನ್ನೇ ತಿದ್ದಿದರು. ಆ ತಿದ್ದುಪಡಿಯನ್ನು ಜನ ಇವನ ಹೆಸರಿನಿಂದಲೇ ಕರೆದರು. ಜೋ ಗ್ರೀನ್‌ನಿಗೆ ನಾನು ಕೊಡುವುದು ನಾಲ್ಕನೆಯ ಸ್ಥಾನ. ಅವನು ಆರಿಸಲ್ಪಟ್ಟ ಸರದಿಯೂ ನಾಲ್ಕನೆಯದೇ ಆದುದರಿಂದ ಅನ್ಯಾಯವಾಯಿತೆಂದು ಯಾರೂ ಭಾವಿಸಬಾರದು.

ಈಚಿನವರಲ್ಲಿ 2003ರ ಟ್ರಾಯ್ ಪೊಲಮಾಲು, 2017ರಲ್ಲಿ ಮೂವತ್ತನೆಯವನಾಗಿ ಬಂದ ಟಿ.ಜೆ. ವಾಟ್ ಇವರನ್ನು ಐದು, ಆರು ಎಂದು ಇಟ್ಟುಕೊಳ್ಳಬಹುದು. ಇದರಲ್ಲಿ ನನ್ನ ಹಟವಿಲ್ಲ. ಜಾಣರಾದ ಮೇಲೂ ಇದೇ ತಂಡದವರು 1983ರಲ್ಲಿ ತಮ್ಮ ಊರಿನಲ್ಲೇ ಹುಟ್ಟಿ, ಊರಿನ ವಿಶ್ವವಿದ್ಯಾಲಯದಲ್ಲೇ ಓದಿದ ಡ್ಯಾನ್ ಮರಿನೋವನ್ನು ಬಿಟ್ಟುಕೊಟ್ಟರೆಂಬುದನ್ನೂ ಹೇಳದಿದ್ದರೆ ಲೆಕ್ಕ ಸರಿಯಾಗದು. ಆತ ಮಯಾಮಿ ತಂಡಕ್ಕೆ ಹೋಗಿ ದೊಡ್ಡ ಹೆಸರು ಮಾಡಿದ.

ಮತ್ತೆ 1974ಕ್ಕೆ ಬರುತ್ತೇನೆ. ಆ ವರ್ಷ ಸ್ಟೀಲರ್ಸ್ ಆರಿಸಿದವರಲ್ಲಿ ಸ್ಟಾಲ್‌ವರ್ತ್, ವೆಬ್‌ಸ್ಟರ್, ಲಿನ್ ಸ್ವಾನ್, ಜ್ಯಾಕ್ ಲ್ಯಾಂಬರ್ಟ್ ಎಂಬ ನಾಲ್ವರು ಓಹಿಯೋದ ಕ್ಯಾಂಟನ್ ನಗರದಲ್ಲಿರುವ ಫುಟ್ಬಾಲ್ ಕೀರ್ತಿಮಂದಿರಕ್ಕೆ ಸೇರಿದ್ದಾರೆ. ಒಂದೇ ಡ್ರಾಫ್ಟಿನಲ್ಲಿ ಇಷ್ಟು ಮಂದಿ ಬೇರಾವ ತಂಡಕ್ಕೂ ಸಿಕ್ಕಿಲ್ಲ. ಆಗ ಡ್ರಾಫ್ಟ್ 17 ಸುತ್ತು ನಡೆಯುತ್ತಿತ್ತು. 26 ತಂಡಗಳು ನಾನೂರಕ್ಕೂ ಮಿಕ್ಕಿ ಹೆಸರುಗಳನ್ನು ಕೂಗಿದವು. ದಕ್ಷಿಣ ಕೆರೊಲಿನಾದ ಡಾನಿ ಶೆಲ್ ಎಂಬ ಹುಡುಗನ ಹೆಸರನ್ನು ಯಾರೂ ಕೂಗಲಿಲ್ಲ, ಸ್ಟೀಲರ್ಸ್ ಕೂಡ. ಅವನ ಕಾಲೇಜನ್ನೂ ಬಲ್ಲ ಬಿಲ್ ನನ್ ಅವರು ಡ್ರಾಫ್ಟ್ ಮುಗಿದ ಮೇಲೆ ಅವನನ್ನು ಕರೆತಂದರು. ಶೆಲ್ 14 ವರ್ಷ ಆಡಿದ, ಎದುರಾಳಿಯ ಚೆಂಡನ್ನು 51 ಬಾರಿ ಕಸಿದ. ಅವನಿಗೆ ಕೀರ್ತಿಮಂದಿರದ ಗೌರವ ದೊರೆತದ್ದು 2020ರಲ್ಲಿ. ಮರುವರ್ಷ, ತೀರಿಕೊಂಡು ಏಳು ವರ್ಷಗಳ ಬಳಿಕ, ಬಿಲ್ ನನ್ ಅವರಿಗೆ. ಸರದಿಯೇ ಇಲ್ಲದವನಿಗೆ ಶ್ರೇಷ್ಠ ಆಯ್ಕೆಗಳ ಪಟ್ಟಿಯಲ್ಲಿ ಅಂಕೆ ಕೊಡಲು ಬರುವುದಿಲ್ಲ. ನನ್ನ ಪುಸ್ತಕದಲ್ಲಿ ಅವನ ಹೆಸರನ್ನು ಪಟ್ಟಿಯ ಪಕ್ಕದ ಅಂಚಿನಲ್ಲಿ ಬರೆದಿಟ್ಟಿದ್ದೇನೆ.