ಪ್ರಮಾಣದ ತಕ್ಕಡಿಗೆ ಎರಡು ಕಲ್ಲು

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಸತ್ಯ ಧರ್ಮದ ದಿನ, ನಮ್ಮೂರ ಬಸದಿಯ ಸ್ವಾಧ್ಯಾಯ ಸಭೆಯಲ್ಲಿ ನಾನೂ ಇದ್ದೆ. ಪ್ರವಚನಕಾರರು ವನಸ್ಪತಿಕಾಯಿಕ ಜೀವಗಳ ವಿಷಯವನ್ನೆತ್ತಿಕೊಂಡು, ಜಗದೀಶಚಂದ್ರ ಬೋಸರ ಪ್ರಯೋಗಗಳನ್ನು ವರ್ಣಿಸಿ, "ನಮ್ಮ ಆಗಮ ಹೇಳಿದ್ದನ್ನು ವಿಜ್ಞಾನ ಈಗ ಸಿದ್ಧಪಡಿಸಿದೆ" ಎಂದರು. ಸಭೆ ತಲೆದೂಗಿತು. ಪ್ರಶ್ನೋತ್ತರದ ವೇಳೆಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು ಡಾರ್ವಿನ್ನನ ವಿಕಾಸವಾದದ ಬಗ್ಗೆ ಕೇಳಿದಳು. "ಮಂಗ ಮನುಷ್ಯನಾದದ್ದನ್ನು ಕಂಡವರು ಯಾರಮ್ಮ? ಅದು ಬರಿಯ ಊಹೆ. ವಿಜ್ಞಾನಿಗಳ ಮಾತು ಇಂದೊಂದು, ನಾಳೆಯೊಂದು" ಎಂಬ ಉತ್ತರ ಬಂದಿತು. ಸಭೆ ಮತ್ತೆ ತಲೆದೂಗಿತು. ಹುಡುಗಿ ಕುಳಿತಳು. ಪರ್ವದ ಉಳಿದ ದಿನಗಳಲ್ಲಿ ಅವಳು ಸಭೆಗೆ ಬರಲಿಲ್ಲ.

ಅರ್ಧ ಗಂಟೆಯ ಅಂತರದಲ್ಲಿ ಒಂದೇ ವಿಜ್ಞಾನವು ಮೊದಲು ನಂಬಿಕೆಯ ಸಾಕ್ಷಿಯಾಯಿತು, ಬಳಿಕ ಚಂಚಲ ನಾಲಗೆಯದಾಯಿತು. ನಾನು ಪಂಡಿತನಲ್ಲ, ವಾಣಿಜ್ಯ ಪದವಿ ಪಡೆದು ನಲವತ್ತು ವರ್ಷ ತಕ್ಕಡಿ ಹಿಡಿದು ಬಾಳಿದವನು. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು ಕಲ್ಲು ಇಡುವ ವರ್ತಕನನ್ನು ನಮ್ಮ ಧರ್ಮ ಏನೆಂದು ಕರೆಯುತ್ತದೆಂಬುದನ್ನು ಬಲ್ಲೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸುವ ಅಚೌರ್ಯ ವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಧಾನ್ಯವನ್ನು ತೂಗುವಲ್ಲಿ ದೋಷವಾದದ್ದು ಸಾಕ್ಷ್ಯವನ್ನು ತೂಗುವಲ್ಲಿ ಗುಣವಾದೀತೆ?

ಈ ದೋಷ ನಮ್ಮ ಸಮಾಜದ್ದು ಮಾತ್ರವಲ್ಲ. ಅಮೆರಿಕದ ಲಾರ್ಡ್, ರಾಸ್ ಮತ್ತು ಲೆಪ್ಪರ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮರಣದಂಡನೆಯನ್ನು ಬೆಂಬಲಿಸುವ 24 ಮತ್ತು ವಿರೋಧಿಸುವ 24 ವಿದ್ಯಾರ್ಥಿಗಳಿಗೆ ಎರಡು ಅಧ್ಯಯನಗಳ ವಿವರ ಕೊಡಲಾಯಿತು. ಆ ದಂಡನೆಯಿಂದ ಕೊಲೆಗಳು ತಗ್ಗುತ್ತವೆಂದು ಒಂದು, ತಗ್ಗುವುದಿಲ್ಲವೆಂದು ಇನ್ನೊಂದು. ತನಗೆ ಒಪ್ಪುವ ಅಧ್ಯಯನವನ್ನು ಪ್ರತಿ ಪಕ್ಷವೂ ಸಮರ್ಪಕವೆಂದಿತು. ಒಪ್ಪದ ಅಧ್ಯಯನದಲ್ಲಿ ಮಾತ್ರ ತಪ್ಪುಗಳನ್ನು ಹುಡುಕಿ ತೆಗೆಯಿತು. ಎರಡನ್ನೂ ಓದಿದ ಮೇಲೆ ಇಬ್ಬರ ಹಟವೂ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಬುದ್ಧಿವಂತಿಕೆ ಈ ರೋಗಕ್ಕೆ ಔಷಧವಲ್ಲ. ಎಷ್ಟೋ ಸಲ ಅದು ರೋಗದ ವಕೀಲ.

"ಕಂಡವರು ಯಾರು?" ಎಂಬ ಪ್ರಶ್ನೆಯನ್ನೇ ಪರೀಕ್ಷಿಸೋಣ. 2018ರಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರೂ ಇದನ್ನೇ ಕೇಳಿದ್ದರು. ಇಂದಿನ ಮಂಗ ಮನುಷ್ಯನಾಯಿತೆಂದು ಡಾರ್ವಿನ್ ಹೇಳಿಲ್ಲ. ಇಬ್ಬರಿಗೂ ಬಹು ಹಿಂದೆ ಸಮಾನ ಪೂರ್ವಜರಿದ್ದರೆಂಬುದು ಅವನ ಮತ. ಅದು ಹಾಗಿರಲಿ. ಪ್ರತ್ಯಕ್ಷವೊಂದೇ ಪ್ರಮಾಣವೆಂದವರು ಚಾರ್ವಾಕರು. ನಮ್ಮ ಅಕಲಂಕರೂ ಮಾಣಿಕ್ಯನಂದಿಗಳೂ ಅನುಮಾನವನ್ನು ಪ್ರಮಾಣವೆಂದು ಸ್ಥಾಪಿಸಿದರು. ಹೊಗೆ ಕಂಡಲ್ಲಿ ಬೆಂಕಿಯನ್ನು ಒಪ್ಪುವ ಜೈನನು ಡಾರ್ವಿನ್ನನ ಹೆಸರು ಕೇಳಿದೊಡನೆ ಚಾರ್ವಾಕನಾಗುವುದು ಯಾವ ನ್ಯಾಯ? ಗಿಡದೊಳಗಿನ ಜೀವವನ್ನು ಬೋಸರೂ ಕಣ್ಣಿನಿಂದ ಕಾಣಲಿಲ್ಲ. ಪ್ರಚೋದನೆಗೆ ಸಸ್ಯ ತೋರುವ ಪ್ರತಿಕ್ರಿಯೆಯನ್ನು ಯಂತ್ರದಿಂದ ಅಳೆದರು, ಅಷ್ಟೆ.

ವಿಕಾಸದ ಹೇತುಗಳು ನಮ್ಮ ದೇಶದ ಮಣ್ಣಿನಲ್ಲಿಯೂ ದೊರೆತಿವೆ. ಜಮ್ಮು ಪ್ರಾಂತದ ಕಾಲಾಕೋಟದಲ್ಲಿ ಭೂವಿಜ್ಞಾನಿ ಎ. ರಂಗರಾವ್ ಅವರು ಸಂಗ್ರಹಿಸಿದ್ದ ಶಿಲೆಗಳಲ್ಲಿ ಇಂಡೋಹಯಸ್ ಎಂಬ ಗೊರಸಿನ ಸಣ್ಣ ಪ್ರಾಣಿಯ ಅವಶೇಷಗಳಿದ್ದವು. ಅದು ಸುಮಾರು 4 ಕೋಟಿ 80 ಲಕ್ಷ ವರ್ಷಗಳ ಹಿಂದಿನದು. 2007ರಲ್ಲಿ ತ್ಯೂವಿಸೆನ್ ಮತ್ತು ಸಂಗಡಿಗರು ಅದರ ಕಿವಿಯ ಮೂಳೆಯ ಒಳಗೋಡೆ ತಿಮಿಂಗಿಲದ ಮೂಳೆಯಂತೆಯೇ ದಪ್ಪವಾಗಿರುವುದನ್ನು ಪ್ರಕಟಿಸಿದರು. ತಿಮಿಂಗಿಲದ ದೇಹದೊಳಗೆ ಇಂದಿಗೂ ಕಿರಿದಾದ ಸೊಂಟದ ಮೂಳೆಗಳಿವೆ. ಅದರ ಆನುವಂಶಿಕ ದ್ರವ್ಯ ನೀರಾನೆಯ ನೆಂಟಸ್ತಿಕೆಯನ್ನು ತೋರಿಸುತ್ತದೆ. ಒಬ್ಬರನ್ನೊಬ್ಬರು ಅರಿಯದ ಮೂವರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಯಾವ ನ್ಯಾಯಾಧೀಶ ತಳ್ಳಿಹಾಕುತ್ತಾನೆ?

ಇನ್ನೊಂದು ಪಕ್ಷದವರಿದ್ದಾರೆ. "ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವ ಏರಿ ಬರುವುದನ್ನು ನಮ್ಮವರು ಆಗಲೇ ಹೇಳಿದ್ದಾರೆ; ಡಾರ್ವಿನ್ ನಮ್ಮವನೇ" ಎನ್ನುತ್ತಾರೆ. ಇದೂ ಕಳ್ಳ ತೂಕವೇ. ಆಗಮ ಹೇಳುವುದು ಕರ್ಮಾನುಸಾರ ಒಂದು ಜೀವವು ಜನ್ಮದಿಂದ ಜನ್ಮಕ್ಕೆ ಸಾಗುವ ಗತಿಯನ್ನು. ಡಾರ್ವಿನ್ ಹೇಳಿದ್ದು ಸಂತತಿಯಿಂದ ಸಂತತಿಗೆ ದೇಹಗಳು ಬದಲಾಗುವ ಬಗೆಯನ್ನು. ಎರಡೂ ಬೇರೆ ಖಾತೆಗಳು. ಅವಸರ್ಪಿಣಿಯ ಆರಂಭದ ಮಾನವರ ಮಹೋನ್ನತ ದೇಹಗಳ ವರ್ಣನೆಗೂ ಭೂಗರ್ಭದ ಸಾಕ್ಷ್ಯಕ್ಕೂ ತಾಳೆಯಾಗುವುದಿಲ್ಲ. ತಾಳೆಯಾಗದ ಲೆಕ್ಕಕ್ಕೆ ಸುಳ್ಳು ಜಮೆ ಬರೆದು ಸರಿಗೂಡಿಸುವುದಕ್ಕಿಂತ ಬಾಕಿಯನ್ನು ಬಾಕಿಯೆಂದೇ ತೋರಿಸುವುದು ಮರ್ಯಾದೆ.

ಅನ್ಯರನ್ನು ಮಾತ್ರ ಹಳಿಯುತ್ತಿಲ್ಲ. ಒಂದು ಹನಿ ನೀರಿನಲ್ಲಿ ಸೂಕ್ಷ್ಮದರ್ಶಕದಿಂದ 36,450 ಜೀವಿಗಳನ್ನು ಎಣಿಸಲಾಗಿದೆಯೆಂಬ ಮಾತು ನಮ್ಮ ಕಿರುಹೊತ್ತಗೆಗಳಲ್ಲಿ ಬಹುಕಾಲದಿಂದ ಅಚ್ಚಾಗುತ್ತಿದೆ. ಪಾಠಶಾಲೆಯ ಮಕ್ಕಳಿಗೆ ವರ್ಷಗಟ್ಟಲೆ ಅದನ್ನು ಹೇಳಿದವನು ನಾನು. ಅಪ್ಕಾಯಿಕ ಜೀವಕ್ಕೆ ನೀರೇ ಶರೀರವೆಂದು ಶಾಸ್ತ್ರ; ಸೂಕ್ಷ್ಮದರ್ಶಕ ತೋರಿಸುವುದು ನೀರಿನಲ್ಲಿ ಈಜುವ ಬೇರೆ ಜೀವಿಗಳನ್ನು. ಅವುಗಳ ಸಂಖ್ಯೆಯೂ ಕೆರೆಯ ಹನಿಗೊಂದು, ಕುದಿಸಿ ಭಟ್ಟಿಯಿಳಿಸಿದ ಹನಿಗೊಂದು. ಸಿದ್ಧಾಂತಕ್ಕೆ ಸಂಬಂಧಿಸದ ಸಾಕ್ಷಿಯನ್ನು, ಅದು ನಮ್ಮ ಪರವಾಗಿ ಕಂಡಿತೆಂಬ ಒಂದೇ ಕಾರಣಕ್ಕೆ, ಪರೀಕ್ಷಿಸದೆ ಒಪ್ಪಿದೆ. ನಷ್ಟದ ಚೀಟಿಯನ್ನು ಹತ್ತು ಸಲ ನೋಡುವ ನಾನು ಲಾಭದ ಚೀಟಿಯನ್ನು ಒಮ್ಮೆಯೂ ತಿರುವಿ ನೋಡಲಿಲ್ಲ.

"ನಿಃಶಂಕಿತವು ಸಮ್ಯಗ್ದರ್ಶನದ ಮೊದಲ ಅಂಗವಲ್ಲವೆ? ಇದೆಲ್ಲ ಶಂಕೆಗೆ ದಾರಿಯಲ್ಲವೆ?" ಎಂದು ಹಿರಿಯರು ಕೇಳಬಹುದು. ಗೌರವದಿಂದಲೇ ಉತ್ತರಿಸುತ್ತೇನೆ. ಆ ಶ್ರದ್ಧೆಯ ನೆಲೆ ಜೀವಾಜೀವಾದಿ ಸಪ್ತತತ್ತ್ವಗಳು, ಮೋಕ್ಷಮಾರ್ಗ, ತಿಮಿಂಗಿಲದ ಮೂಳೆಯಲ್ಲ. ಸೃಷ್ಟಿಕರ್ತನನ್ನು ಒಪ್ಪದ, ಲೋಕ ಅನಾದಿಯೆಂದು ನಂಬುವ ನಮಗೆ ಡಾರ್ವಿನ್ನನಿಂದ ಅಂಜಿಕೆಯೇಕೆ? ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಆಪ್ತನನ್ನೇ ಪರೀಕ್ಷೆಗೆ ಒಡ್ಡಿದರು. ದೇವತೆಗಳ ಆಗಮನದಂಥ ಅತಿಶಯಗಳನ್ನು ಹಿರಿಮೆಯ ಸಾಕ್ಷಿಯೆಂದು ಒಪ್ಪಲಿಲ್ಲ. ಪರೀಕ್ಷೆ ಶಂಕೆಯಲ್ಲ, ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಶ್ರದ್ಧೆಯೊಳಗೇ ಶಂಕೆ ಅಡಗಿರುತ್ತದೆ.

ಡಾರ್ವಿನ್ ತನ್ನ ಆತ್ಮಕಥೆಯಲ್ಲಿ ತಾನು ಪಾಲಿಸಿದ ನಿಯಮವೊಂದನ್ನು ಬರೆದಿದ್ದಾನೆ. ತನ್ನ ತೀರ್ಮಾನಕ್ಕೆ ವಿರುದ್ಧವಾದ ಸಂಗತಿ ಕಣ್ಣಿಗೆ ಬಿದ್ದೊಡನೆ ತಪ್ಪದೆ ಗುರುತು ಹಾಕಿಕೊಳ್ಳುತ್ತಿದ್ದನಂತೆ. ಅನುಕೂಲವಾದವುಗಳಿಗಿಂತ ಅಂಥವು ಬೇಗ ಮರೆತುಹೋಗುತ್ತವೆಂದು ಅನುಭವದಿಂದ ಕಂಡಿದ್ದನು. ನಾವು ನಗೆಯಾಡುವ ಮನುಷ್ಯ ಈ ಒಂದು ವಿಷಯದಲ್ಲಿ ನಮಗಿಂತ ಒಳ್ಳೆಯ ಶ್ರಾವಕನಂತೆ ನಡೆದನು.

ನನ್ನ ವಿನಂತಿ ಇಷ್ಟೆ. ಪ್ರವಚನದಲ್ಲಿಯೂ ಪತ್ರಿಕೆಯಲ್ಲಿಯೂ ವಿಜ್ಞಾನದ ಮಾತನ್ನು ಎತ್ತುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ: ಇದೇ ಬಗೆಯ ಸಾಕ್ಷ್ಯ ನಮಗೆ ವಿರುದ್ಧವಾಗಿದ್ದರೆ ಒಪ್ಪುತ್ತಿದ್ದೆವೆ? ಇಲ್ಲವೆಂದಾದರೆ ಪರವಾಗಿಯೂ ಅದನ್ನು ಬಳಸದಿರೋಣ. ತಿಳಿಯದ ಪ್ರಶ್ನೆ ಬಂದಾಗ "ತಿಳಿಯದು, ಓದಿ ಹೇಳುತ್ತೇನೆ" ಎನ್ನೋಣ. ಆ ಸಂಜೆ ನಾನೂ ತಲೆದೂಗಿದವರಲ್ಲಿ ಒಬ್ಬ. ಆ ಮಗುವಿನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ. ಮುಂದಿನ ಪರ್ವಕ್ಕೆ ಅವಳು ಬಂದರೆ ಉತ್ತರ ಕೊಡಲು ನಾವು ಸಿದ್ಧರಿರಬೇಕು. ನನ್ನ ಮಾತಿನಲ್ಲಿ ತಪ್ಪಿದ್ದರೆ ಬಲ್ಲವರು ಇದೇ ಪುಟಗಳಲ್ಲಿ ತಿದ್ದಲಿ. ಆ ತಿದ್ದುಪಡಿಯನ್ನೂ ಇದೇ ಕಲ್ಲಿನಿಂದ ತೂಗಿ ಸ್ವೀಕರಿಸುತ್ತೇನೆ.