ವಾಣಿಯಡಗಿದ ಗಣಕಗಳು



ಗ್ರಂಥಾಲಯಗಳಲ್ಲಿಯೂ ಕಾಲೇಜುಗಳಲ್ಲಿಯೂ ಸಾರ್ವಜನಿಕರ ಉಪಯೋಗಕ್ಕಾಗಿ ಕಂಪ್ಯೂಟರುಗಳನ್ನಿರಿಸುವ ಅಧಿಕಾರಿವರ್ಗದವರ ಗಮನಕ್ಕೆ ಒಂದು ಸಂಗತಿಯನ್ನು ಈ ಪತ್ರಿಕೆಯ ಮೂಲಕ ತರಬಯಸುತ್ತೇನೆ. ಕಣ್ಣುಳ್ಳವರಿಗೆ ಶಬ್ದದ ಏರಿಳಿತವೆಂಬುದು ಕೇವಲ ಅನುಕೂಲದ ವಿಷಯ. ಪರದೆಯ ಅಕ್ಷರಗಳನ್ನು ಸ್ಕ್ರೀನ್ ರೀಡರಿನ ಕಂಠದಿಂದಲೇ ಅರಿಯಬೇಕಾದ ನನ್ನಂತಹ ಅಂಧರಿಗಾದರೋ, ಯಾರೋ ಶಬ್ದವನ್ನು ಪೂರ್ಣವಾಗಿ ಅಡಗಿಸಿ ಎದ್ದುಹೋದರೆಂದರೆ, ಅದನ್ನು ಪುನಃ ಏರಿಸುವ ಬಗೆಯನ್ನು ಹೇಳಿಕೊಡಬೇಕಾದ ವಾಣಿಯೇ ಅಡಗಿಹೋಗಿರುತ್ತದೆ. ಕೀಲಿಮಣೆಯಲ್ಲಿ ಶಬ್ದದ ಕೀಲಿಗಳಿಲ್ಲದಿದ್ದರಂತೂ ಪಕ್ಕದವರನ್ನು ಬೇಡುವುದೇ ಬಹುಮಟ್ಟಿಗೆ ಉಳಿಯುವ ಮಾರ್ಗ.

ಆಸ್ಟ್ರೇಲಿಯದಲ್ಲಿ 2006ರಲ್ಲಿ ಆರಂಭವಾಗಿ ಇಂದಿಗೂ ಉಚಿತವಾಗಿ ದೊರೆಯುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶವು ಶಬ್ದದ ನಿಯಂತ್ರಣದ ವಿಷಯದಲ್ಲಿ ಮಾಡಿರುವ ಉಪಕಾರ ಅಲ್ಪವಾದುದಲ್ಲ. ಕಂಟ್ರೋಲ್ ಮತ್ತು ಇನ್ಸರ್ಟ್ ಕೀಲಿಗಳನ್ನು ಒತ್ತಿಹಿಡಿದು, ಎಡಬಲದ ಬಾಣಗಳಿಂದ ಧ್ವನಿಪ್ರಮಾಣವನ್ನು ಆರಿಸಿ, ಮೇಲುಕೆಳಗಿನ ಬಾಣಗಳಿಂದ ಓದುವ ಕಂಠವೊಂದನ್ನೇ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು; 2024ರಿಂದ ಈಚೆಗೆ, ಕಂಠವನ್ನು ಒಂದು ಕಿವಿಗೂ ಉಳಿದ ಶಬ್ದಗಳನ್ನು ಇನ್ನೊಂದು ಕಿವಿಗೂ ಹಂಚಿಕೊಡುವ ಸೌಕರ್ಯವೂ ಬಂದಿದೆ. ಇನ್ಸರ್ಟ್, ಶಿಫ್ಟ್, ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿ, ಕಂಠವು ನುಡಿಯುವಾಗ ಸಂಗೀತಾದಿ ಶಬ್ದಗಳು ತಾವಾಗಿಯೇ ತಗ್ಗುವಂತೆ ಮಾಡುವ ಏರ್ಪಾಡಂತೂ ಉಪನ್ಯಾಸವನ್ನು ಕೇಳುತ್ತ ಟಿಪ್ಪಣಿ ಬರೆದುಕೊಳ್ಳುವ ವಿದ್ಯಾರ್ಥಿಗೆ ಪರಮೋಪಕಾರಿಯಾದುದು. ಆದರೆ ಪೆನ್‌ಡ್ರೈವಿನಲ್ಲಿ ನಾವು ಹೊತ್ತು ತಂದ ಪ್ರತಿಯಲ್ಲಿ ಈ ಕೊನೆಯ ಏರ್ಪಾಡು ನಡೆಯದು. ತಂತ್ರಾಂಶವನ್ನು ಆಯಾ ಕಂಪ್ಯೂಟರಿನಲ್ಲಿಯೇ ಸ್ಥಾಪಿಸಿರಬೇಕು, ಅದಕ್ಕೆ ಅನುಮತಿಯನ್ನೀಯುವ ಅಧಿಕಾರವಾದರೋ ಸಂಸ್ಥೆಯವರದು.

ಆದಕಾರಣ ಪ್ರತಿಯೊಂದು ಸಂಸ್ಥೆಯೂ ಒಂದು ಕಂಪ್ಯೂಟರಿನಲ್ಲಾದರೂ ಈ ತಂತ್ರಾಂಶವನ್ನು ಸ್ಥಾಪಿಸಿ, ಶಬ್ದದ ಕೀಲಿಗಳುಳ್ಳ ಕೀಲಿಮಣೆಯನ್ನೂ ಒಂದು ಹೆಡ್‌ಫೋನನ್ನೂ ಒದಗಿಸಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಅಂಧ ಓದುಗನೊಬ್ಬ, ಮೈಸೂರು