ಅಟ್ಟದ ಕಾಯಿ, ಅಳಿವೆಯ ಮಂಜಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕಾಯುವುದೆಂದರೇನೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಯ ಮನೆಗಳ ಅಟ್ಟವೇ ಅದರ ಪಾಠಶಾಲೆ. ಬಲಿತ ಕಾಯನ್ನು ಮಟ್ಟೆಯ ಸಹಿತವಾಗಿ ಅಟ್ಟಕ್ಕೇರಿಸಿದರೆ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುವುದಕ್ಕೆ ಹತ್ತು ಹನ್ನೆರಡು ತಿಂಗಳು ಬೇಕು. ಮನೆಯ ಹಿರಿಯರು ಆಗಾಗ ಅಟ್ಟವನ್ನೇರಿ, ಒಂದು ಕಾಯನ್ನು ಕೈಗೆತ್ತಿಕೊಂಡು, ಕಿವಿಯ ಬಳಿ ಅಲ್ಲಾಡಿಸಿ ನೋಡುವರು. ನೀರಿನ ಸದ್ದು ಕೇಳಿಸಿತೋ, ಕಾಯಿ ಮತ್ತೆ ರಾಶಿಗೆ. ಒಣಗಿದ ಗಿಟುಕು ಚಿಪ್ಪಿಗೆ ಬಡಿಯುವ ಸದ್ದು ಕೇಳಿಸಿತೋ, ಸುಲಿಯುವವರಿಗೆ ಕರೆ. ಮದುವೆ ಹತ್ತಿರವಾಯಿತೆಂದೋ, ಪೇಟೆಯ ಧಾರಣೆ ಏರಿತೆಂದೋ ಆತುರಪಟ್ಟು ಒಡೆದರೆ, ವರ್ಷದ ಆದಾಯವೇ ಕೌಟು ಹಿಡಿದು ಕೈಗೆ ಬರುವುದು.

ಈ ಸೀಮೆಯಿಂದ ಸಮುದ್ರವು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಪಶ್ಚಿಮಘಟ್ಟದ ಗೋಡೆ ಬೇರೆ. ಆದರೆ ಆ ಘಟ್ಟವನ್ನಿಳಿದು, ಮಂಗಳೂರನ್ನು ದಾಟಿ, ಅರಬ್ಬೀ ಸಮುದ್ರದ ಮೇಲೆ ಮತ್ತೆ ಮುನ್ನೂರು ಕಿಲೋಮೀಟರು ಸಾಗಿದರೆ, ತೆಂಗನ್ನೇ ನಂಬಿದ ಇನ್ನೊಂದು ನಾಡು ಸಿಗುವುದು. ಅದೇ ಲಕ್ಷದ್ವೀಪ. ಅಲ್ಲಿಯೂ ಕೊಬ್ಬರಿಯುಂಟು, ನಾರುಂಟು, ಕಾಯುವಿಕೆಯೂ ಉಂಟು. ಆದರೆ ಅಲ್ಲಿಯವರು ಕಾಯುವುದು ಕಾಯಿ ಒಣಗಲೆಂದಲ್ಲ, ಕಡಲು ತಣಿಯಲೆಂದು. ಅಟ್ಟದ ಲೆಕ್ಕಕ್ಕೂ ಕಡಲ ಲೆಕ್ಕಕ್ಕೂ ಒಂದು ವಿಚಿತ್ರ ವ್ಯತ್ಯಾಸವಿದೆ. ಅಟ್ಟದಲ್ಲಿ ದಪ್ಪ ತಿರುಳಿನ ದೊಡ್ಡ ಕಾಯಿ ಹೆಚ್ಚು ದಿನ ಕಾಯಬೇಕು. ಕಡಲಿನಲ್ಲಾದರೋ ಹೆಚ್ಚು ದಿನ ಕಾಯಬೇಕಾದದ್ದು ಸಣ್ಣ ದೋಣಿ.

ಮಂಗಳೂರಿನ ಹಳೇ ಬಂದರಿಗೆ ಹೋದವರು, ನದಿಯ ದಡಕ್ಕೆ ಕಟ್ಟಿರುವ ಮರದ ದೊಡ್ಡ ಹೊಟ್ಟೆಯ ನೌಕೆಗಳನ್ನು ಕಂಡಿರಬಹುದು. ಅವೇ ಮಂಜಿಗಳು. ಹಿಂದೆ ಹಾಯಿಯನ್ನೇ ನಂಬಿದ್ದ ಇವುಗಳಿಗೆ ಈಗ ಎಂಜಿನ್ ಬಂದಿದೆ. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ, ಮರಮುಟ್ಟುಗಳನ್ನು ಹೇರಿಕೊಂಡು ಇವು ದ್ವೀಪಗಳಿಗೆ ಹೋಗುತ್ತವೆ. ಈ ನಂಟು ಇಂದಿನದಲ್ಲ. ೧೭೯೯ರಲ್ಲಿ ಟೀಪೂ ಸುಲ್ತಾನನು ಮಡಿದ ಮೇಲೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ಇಂಗ್ಲಿಷರ ಕೈಸೇರಿ ಕನ್ನಡ ಜಿಲ್ಲೆಯ ಆಡಳಿತಕ್ಕೊಳಪಟ್ಟವು. ೧೯೫೬ರ ನವೆಂಬರ್ ೧ರಂದು ಲಕ್ಷದ್ವೀಪವು ಕೇಂದ್ರಾಡಳಿತ ಪ್ರದೇಶವಾಗುವವರೆಗೆ ಅವು ದಕ್ಷಿಣ ಕನ್ನಡಕ್ಕೇ ಸೇರಿದ್ದವು. ದ್ವೀಪದ ಹೆಂಗಸರು ಹೊಸೆದ ತೆಂಗಿನ ಹುರಿಯನ್ನು ಸರ್ಕಾರವೇ ಕೊಂಡು, ಅದಕ್ಕೆ ಪ್ರತಿಯಾಗಿ ಅಕ್ಕಿಯನ್ನು ಕೊಡುತ್ತಿದ್ದ ಕಾಲವೊಂದಿತ್ತು. ಭತ್ತ ಬೆಳೆಯದ ಆ ನೆಲದಲ್ಲಿ ಮಳೆಗಾಲದ ಊಟವೆಂಬುದು ಮಳೆಗಾಲಕ್ಕೆ ಮುನ್ನ ಮಂಗಳೂರಿನಿಂದ ಮರಳಿದ ನಾವೆಯ ಹೊಟ್ಟೆಯಲ್ಲಿರುತ್ತಿತ್ತು.

ಇಂದಿಗೂ ಮೇ ತಿಂಗಳ ನಡುವಿನಿಂದ ಸೆಪ್ಟೆಂಬರಿನ ನಡುವಿನವರೆಗೆ, ಸುಮಾರು ನಾಲ್ಕು ತಿಂಗಳು, ಮಂಗಳೂರಿನಿಂದ ದ್ವೀಪಗಳಿಗೆ ಮಂಜಿಗಳ ಸಂಚಾರಕ್ಕೆ ನಿಷೇಧವಿದೆ. ಅದೇ ತಿಂಗಳುಗಳಲ್ಲಿ ಕೊಚ್ಚಿಯಿಂದ ಹೊರಡುವ ಉಕ್ಕಿನ ದೊಡ್ಡ ಪ್ರಯಾಣಿಕ ಹಡಗುಗಳು ದ್ವೀಪಗಳಿಗೆ ಹೋಗಿಬರುತ್ತಲೇ ಇರುತ್ತವೆ. ಕಡಲು ಒಂದೇ, ಗಾಳಿಯೂ ಒಂದೇ; ಒಬ್ಬನಿಗೆ ತೆರೆದ ಬಾಗಿಲು ಇನ್ನೊಬ್ಬನಿಗೆ ಮುಚ್ಚಿರುವುದೇಕೆ? ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ವೇಗ, ಎರಡನೆಯದು ಅಲೆ.

ನೀರನ್ನು ಸೀಳಿಕೊಂಡು ಹೋಗುವ ನೌಕೆಯ ವೇಗಕ್ಕೆ ಅದರ ಉದ್ದವೇ ಒಂದು ಮಿತಿಯನ್ನು ಹಾಕುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರು ಸಣ್ಣ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಈ ವಿಷಯವನ್ನು ಪರೀಕ್ಷಿಸಿದನು. ಸಾಮಾನ್ಯ ನೌಕೆಗಳಿಗೆ ನಾವಿಕರು ಬಳಸುವ ಸ್ಥೂಲ ಲೆಕ್ಕವಿದು: ನೀರಿನ ಮಟ್ಟದಲ್ಲಿ ನೌಕೆಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು ೧.೩೪ರಿಂದ ಗುಣಿಸಿದರೆ, ಗಂಟೆಗೆ ಅದು ಹೋಗಬಹುದಾದ ನಾವಿಕ ಮೈಲಿಗಳು ದೊರೆಯುತ್ತವೆ. ೨೫ ಅಡಿಯ ದೋಣಿಗೆ ಅದು ೬.೭, ೧೦೦ ಅಡಿಯ ನೌಕೆಗೆ ೧೩.೪. ಮಂಗಳೂರಿನಿಂದ ಅಮಿನಿಗಿರುವ ದೂರವು ಸುಮಾರು ೧೬೦ ನಾವಿಕ ಮೈಲಿ. ಎರಡೂ ತಮ್ಮ ಪೂರ್ಣ ವೇಗದಲ್ಲಿ ಸಾಗಿದರೆ ಸಣ್ಣದಕ್ಕೆ ಒಂದು ಹಗಲು, ಒಂದು ರಾತ್ರಿ ಬೇಕು. ದೊಡ್ಡದಕ್ಕೆ ಒಂದು ರಾತ್ರಿಯೇ ಸಾಕು. ದೊಡ್ಡ ನೌಕೆಗೆ ಹನ್ನೆರಡು ಗಂಟೆಗಳ ಬಿಡುವು ಸಿಕ್ಕರೆ ಸಾಲುವುದು. ಸಣ್ಣದಕ್ಕೆ ಇಡೀ ದಿನದ ಬಿಡುವು ಬೇಕು. ಹೇರು ಹೆಚ್ಚಾಗಿ, ಎದುರುಗಾಳಿ ಬೀಸಿದರೆ ಆ ಒಂದು ದಿನವು ಎರಡಾಗುವುದು. ಕೆಟ್ಟ ಋತುವಿನಲ್ಲಿ ಎರಡು ದಿನಗಳ ಬಿಡುವು ಬರುವುದೇ ಅಪರೂಪವಾದ್ದರಿಂದ ಸಣ್ಣ ದೋಣಿಯು ವಾರಗಟ್ಟಲೆ ದಡದಲ್ಲಿ ನಿಲ್ಲುವುದು.

ಎರಡನೆಯ ಕಾರಣವು ಇನ್ನೂ ಕಠೋರವಾದುದು. ಮಗ್ಗುಲಿಗೆ ಬಂದು ಮುರಿದುಬೀಳುವ ಅಲೆಯ ಎತ್ತರವು ನೌಕೆಯ ಉದ್ದದ ಹತ್ತರಲ್ಲಿ ಮೂರು ಪಾಲನ್ನು ಮೀರಿದರೆ ಆ ನೌಕೆಯು ಮಗುಚಿಕೊಳ್ಳುವ ಅಪಾಯವಿದೆ. ಅಂದರೆ ಹತ್ತಡಿಯ ಅಲೆಯು ೩೦ ಅಡಿಯ ದೋಣಿಗೆ ಪ್ರಾಣಸಂಕಟ; ೬೦ ಅಡಿಯದಕ್ಕೆ ಬರಿಯ ಓಲಾಟ. ಈ ಲೆಕ್ಕವನ್ನು ತೊಟ್ಟಿಯ ಪ್ರಯೋಗಗಳಿಂದ ನಿಶ್ಚಯಿಸಿಕೊಳ್ಳುವುದಕ್ಕೆ ಪ್ರೇರಣೆಯಾದುದು ೧೯೭೯ರ ಆಗಸ್ಟಿನಲ್ಲಿ ನಡೆದ ಫಾಸ್ಟ್‌ನೆಟ್ ಪಂದ್ಯದ ದುರಂತ. ಇಂಗ್ಲೆಂಡಿನಿಂದ ಹೊರಟು ಐರ್ಲೆಂಡಿನ ಬಳಿಯ ಬಂಡೆಯೊಂದನ್ನು ಸುತ್ತಿ ಬರಬೇಕಾದ ಆ ಪಂದ್ಯದಲ್ಲಿ ೩೦೩ ಹಾಯಿದೋಣಿಗಳು ಪಾಲ್ಗೊಂಡಿದ್ದವು. ನಡುವೆ ಬಿರುಗಾಳಿ ಎದ್ದಿತು. ಸ್ಪರ್ಧಿಗಳಲ್ಲಿ ೧೫ ಮಂದಿ ಪ್ರಾಣವನ್ನು ಕಳೆದುಕೊಂಡರು. ಅತಿ ದೊಡ್ಡ ವರ್ಗದ ೧೪ ದೋಣಿಗಳ ಪೈಕಿ ೧೩ ಗುರಿಯನ್ನು ಮುಟ್ಟಿದವು. ಅತಿ ಸಣ್ಣ ವರ್ಗದ ೫೮ರ ಪೈಕಿ ಮುಟ್ಟಿದುದು ಒಂದೇ ಒಂದು. ದೊಡ್ಡವು ಮುಂದೆ ಸಾಗಿಬಿಟ್ಟಿದ್ದವು, ಏಟನ್ನು ತಾಳಿಕೊಂಡವು ಕೂಡ. ಸಣ್ಣವು ಹಿಂದೆ ಉಳಿದು ಬಿರುಗಾಳಿಯ ಬಾಯಿಗೆ ಸಿಕ್ಕಿದವು.

ನಮ್ಮ ಕರಾವಳಿಯಲ್ಲಿಯೂ ಈ ಮಾತಿಗೆ ನಿದರ್ಶನವುಂಟು. ೨೦೨೫ರ ಮೇ ೧೨ರಂದು ‘ಸಲಾಮತ್’ ಎಂಬ ಮಂಜಿಯೊಂದು ಸಿಮೆಂಟು ಹಾಗೂ ಕಟ್ಟಡದ ಸಾಮಗ್ರಿಗಳನ್ನು ಹೇರಿಕೊಂಡು ಮಂಗಳೂರಿನಿಂದ ಕಡಮತ್ ದ್ವೀಪಕ್ಕೆ ಹೊರಟಿತು. ಮಂಜಿಗಳ ಬಾಗಿಲು ಮುಚ್ಚಲು ಆಗ ಕೆಲವೇ ದಿನಗಳು ಉಳಿದಿದ್ದವು. ೧೪ರ ಮುಂಜಾನೆ, ದಡದಿಂದ ಐವತ್ತು ನಾವಿಕ ಮೈಲಿಗೂ ಆಚೆ ಅದು ಮುಳುಗಿಹೋಯಿತು. ಅದರಲ್ಲಿದ್ದ ಆರು ಮಂದಿ ಪುಟ್ಟ ದೋಣಿಯೊಂದಕ್ಕೆ ಹತ್ತಿಕೊಂಡು ಅಲೆಗಳ ಮೇಲೆ ತೇಲುತ್ತಿದ್ದುದನ್ನು ಆ ದಾರಿಯಲ್ಲಿ ಹೋಗುತ್ತಿದ್ದ ವ್ಯಾಪಾರದ ಹಡಗೊಂದು ಕಂಡು ಸುದ್ದಿ ಮುಟ್ಟಿಸಿತು. ಕರಾವಳಿ ರಕ್ಷಣಾ ಪಡೆಯ ‘ವಿಕ್ರಮ್’ ನೌಕೆಯು ಬಂದು ಆರು ಮಂದಿಯನ್ನೂ ಉಳಿಸಿ ಮಂಗಳೂರಿಗೆ ಕರೆತಂದಿತು. ಸಲಾಮತ್ ಎಂದರೆ ಕ್ಷೇಮ. ನೌಕೆಗೆ ಆ ಕ್ಷೇಮವು ದಕ್ಕದಿದ್ದರೂ ಅದರ ಜನರಿಗೆ ದಕ್ಕಿತು.

ಹಾಗಾದರೆ ದೊಡ್ಡದಾಗಿದ್ದರೆ ಕಾಯುವ ಕಷ್ಟವೇ ಇಲ್ಲವೆ? ಹಾಗೆಂದುಕೊಳ್ಳುವುದು ತಪ್ಪು. ಪಣಂಬೂರಿನಲ್ಲಿ ೧೯೭೫ರಲ್ಲಿ ನವಮಂಗಳೂರು ಬಂದರು ಆರಂಭವಾಗುವುದಕ್ಕೆ ಮೊದಲು, ದೊಡ್ಡ ಹಡಗುಗಳು ನೇತ್ರಾವತಿ ಗುರುಪುರ ನದಿಗಳ ಅಳಿವೆಯ ಮರಳನ್ನು ದಾಟಿ ಒಳಗೆ ಬರಲಾರದೆ ಹೊರಗಡಲಿನಲ್ಲಿಯೇ ಲಂಗರು ಹಾಕುತ್ತಿದ್ದವು. ಅವುಗಳ ಸರಕನ್ನು ದಡಕ್ಕೆ ತರಬೇಕಾದವು ಸಣ್ಣ ದೋಣಿಗಳೇ. ಮಳೆಗಾಲದಲ್ಲಿ ಸಣ್ಣದು ಅಳಿವೆಯಿಂದ ಹೊರಗೆ ಹೋಗಲಾರದು, ದೊಡ್ಡದು ಒಳಗೆ ಬರಲಾರದು; ಹೀಗೆ ಬಂದರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ದ್ವೀಪಗಳ ಕಥೆಯೂ ಇಂಥದೇ. ಹವಳದ ದಿಬ್ಬಗಳ ನಡುವಿನ ಆಳವಿಲ್ಲದ ನೀರಿಗೆ ದೊಡ್ಡ ಹಡಗು ಇಳಿಯಲಾರದು. ನೂರಾರು ಮೈಲಿ ಸುಖವಾಗಿ ಬಂದ ಪ್ರಯಾಣಿಕರನ್ನು ಕೊನೆಯ ಮೈಲಿಯಲ್ಲಿ ಪುಟ್ಟ ದೋಣಿಗೆ ಇಳಿಸಬೇಕಾಗುತ್ತದೆ. ಆ ದೋಣಿಗೆ ಅಲೆ ಅನುಕೂಲವಾಗುವವರೆಗೆ, ಮಗುವನ್ನೆತ್ತಿಕೊಂಡ ತಾಯಿಯು ತನ್ನ ಊರಿನ ತೆಂಗಿನ ತಲೆಗಳನ್ನು ಹಡಗಿನ ಕಟಕಟೆಯಿಂದಲೇ ನೋಡುತ್ತ ನಿಲ್ಲಬೇಕು. ಗಾತ್ರವು ಕಾಯುವಿಕೆಯನ್ನು ನೀಗಿಸಲಿಲ್ಲ, ಅದರ ಸ್ಥಳವನ್ನು ಬದಲಿಸಿತು ಅಷ್ಟೆ.

ಹಾಯಿಯ ಕಾಲದಲ್ಲಂತೂ ಗಾತ್ರಕ್ಕೆ ಋತುವನ್ನು ಗೆಲ್ಲುವ ಬಲವಿರಲಿಲ್ಲ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಲಿಸ್ಬನ್ನಿನಿಂದ ಹೊರಡುತ್ತಿದ್ದ ಪೋರ್ಚುಗೀಸರ ಭಾರಿ ಹಡಗುಗಳು ದಾರಿಯಲ್ಲಿ ತಡಮಾಡಿದರೆ, ನೈಋತ್ಯದ ಗಾಳಿಯನ್ನು ತಪ್ಪಿಸಿಕೊಂಡು, ಮರುವರ್ಷದ ಗಾಳಿಗಾಗಿ ಮೊಜಾಂಬಿಕಿನಲ್ಲಿ ತಿಂಗಳುಗಟ್ಟಲೆ ಬಿದ್ದಿರಬೇಕಾಗುತ್ತಿತ್ತು.

ಈ ಹಳೆಯ ಸತ್ಯವನ್ನು ಈಚೆಗೆ ಒಂದು ಹೊಸ ನೌಕೆಯು ಮತ್ತೆ ತೋರಿಸಿಕೊಟ್ಟಿತು. ೨೦೨೫ರ ಮೇ ೨೧ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ವೆಂಬ ನೌಕೆಯನ್ನು ನೌಕಾದಳಕ್ಕೆ ಸೇರಿಸಿಕೊಳ್ಳಲಾಯಿತು. ಅಜಂತೆಯ ಚಿತ್ರವೊಂದನ್ನು ಆಧರಿಸಿ ಗೋವೆಯಲ್ಲಿ ಕಟ್ಟಿದ, ಸುಮಾರು ೨೦ ಮೀಟರು ಉದ್ದದ ಈ ನೌಕೆಯ ಹಲಗೆಗಳನ್ನು ಜೋಡಿಸಿರುವುದು ಮೊಳೆಗಳಿಂದಲ್ಲ, ತೆಂಗಿನ ನಾರಿನ ಹಗ್ಗದ ಹೊಲಿಗೆಯಿಂದ. ತಿಪಟೂರಿನ ಹಿತ್ತಿಲಿನಲ್ಲಿ ಮಟ್ಟೆಯಾಗಿ ರಾಶಿ ಬೀಳುವ ಅದೇ ನಾರು! ೨೦೨೫ರ ಡಿಸೆಂಬರ್ ೨೯ರಂದು ಪೋರಬಂದರಿನಿಂದ ಹೊರಟ ಕೌಂಡಿನ್ಯವು ೨೦೨೬ರ ಜನವರಿ ೧೪ರಂದು ಮಸ್ಕತ್ತನ್ನು ಸೇರಿತು. ಹವಾಮಾನ ತಜ್ಞರು ನೆಚ್ಚಿಕೆಯಿಂದ ಹೇಳಬಲ್ಲುದು ಮುಂದಿನ ನಾಲ್ಕೈದು ದಿನಗಳ ಮಾತು. ಈ ಪಯಣಕ್ಕಾದರೋ ಹದಿನಾರು ದಿನಗಳು ಹಿಡಿದವು. ಇಂಥ ನೌಕೆಯು ಒಳ್ಳೆಯ ದಿನವನ್ನು ನೋಡಿ ಹೊರಟರೆ ಸಾಲದು, ಒಳ್ಳೆಯ ಋತುವನ್ನು ನೋಡಿ ಹೊರಡಬೇಕು. ಈಶಾನ್ಯದ ಗಾಳಿ ಬೀಸುವ ಚಳಿಗಾಲದಲ್ಲಿ ಅದು ಹೊರಟದ್ದರ ಅರ್ಥ ಅದೇ. ವೇಗದ ಹಡಗು ಗಂಟೆಗಳನ್ನು ಎಣಿಸಿದರೆ, ನಿಧಾನದ ನೌಕೆಯು ಪಂಚಾಂಗವನ್ನು ನೋಡುವುದು.

ಇನ್ನು ತಿಂಗಳುಗಟ್ಟಲೆ ನಡೆಯುವ ಮಹಾಯಾನಗಳಲ್ಲಿ ಹೊರಡುವ ಮುನ್ನ ಎಷ್ಟು ಕಾದರೂ ಸಾಲದು. ನಡುಗಡಲಿನಲ್ಲಿ ಕುಳಿತು ಕಾಯಲು ಜಗಲಿಕಟ್ಟೆಯಿಲ್ಲ. ನೌಕಾದಳದ ಅಭಿಲಾಷ್ ಟಾಮಿಯವರು ೨೦೧೨-೧೩ರಲ್ಲಿ ೫೬ ಅಡಿಯ ‘ಮಾದೇಯಿ’ಯಲ್ಲಿ ಒಬ್ಬರೇ, ಎಲ್ಲಿಯೂ ನಿಲ್ಲದೆ, ಭೂಮಂಡಲವನ್ನು ಸುತ್ತಿ ಬಂದರು. ಅದೇ ವ್ಯಕ್ತಿ ೨೦೧೮ರಲ್ಲಿ ೩೨ ಅಡಿಯ ‘ತುರೀಯ’ದಲ್ಲಿ ಹೊರಟಾಗ, ಸೆಪ್ಟೆಂಬರ್ ೨೧ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿದರು. ದೋಣಿಯು ಮಗುಚಿ ಹಾಯಿಕಂಬಗಳು ಮುರಿದವು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಮೂರು ದಿನಗಳ ಅನಂತರ ಫ್ರೆಂಚರ ನೌಕೆಯೊಂದು ಬಂದು ಅವರನ್ನು ಎತ್ತಿಕೊಂಡಿತು. ಆದರೂ ಅದು ಕಥೆಯ ಕೊನೆಯಲ್ಲ. ೨೦೨೨-೨೩ರಲ್ಲಿ ಅವರು ೩೬ ಅಡಿಯ ದೋಣಿಯಲ್ಲಿ ಮತ್ತೆ ಅದೇ ಪಂದ್ಯಕ್ಕೆ ಹೊರಟು, ಎರಡನೆಯವರಾಗಿ ಗುರಿ ಮುಟ್ಟಿದರು. ಗಾತ್ರವು ಅಪಾಯದ ಅಳತೆಯನ್ನು ತಿಳಿಸುತ್ತದೆ. ಪಯಣದ ಫಲವನ್ನು ಅದೊಂದೇ ನಿರ್ಧರಿಸುವುದಿಲ್ಲ.

ಕಾಯುವುದಕ್ಕೂ ಖರ್ಚುಂಟೆಂಬುದನ್ನು ಮರೆಯಬಾರದು. ದೊಡ್ಡ ಹಡಗು ಒಂದು ದಿನ ಸುಮ್ಮನೆ ನಿಂತರೆ ಬಂದರಿನ ಬಾಡಿಗೆ, ಎಣ್ಣೆ, ಸಂಬಳಗಳಿಗೆ ಅಪಾರ ಹಣವು ತೆರಬೇಕಾಗುವುದು. ಮಂಜಿಯ ದಿನದ ನಷ್ಟವು ಅದರ ಮುಂದೆ ಅಲ್ಪ. ಆದರೆ ಆ ಅಲ್ಪ ನಷ್ಟವು ಬೀಳುವುದು ಅಲ್ಪ ಸಂಪಾದನೆಯವರ ತಲೆಯ ಮೇಲೆ. ಮಂಜಿಯು ಹೊರಡದಿದ್ದರೆ ಅದರ ಆಳುಗಳಿಗೆ ಗಳಿಕೆಯಿಲ್ಲ. ಅತ್ತ ದ್ವೀಪದಲ್ಲಿ ಅರ್ಧ ಕಟ್ಟಿದ ಮನೆಯು ಮಳೆಗೆ ನೆನೆಯುವುದು. ಮೋಡ ಕವಿಯುತ್ತಿರುವಾಗಲೂ ‘ಇದೊಂದು ಸಲ ಹೋಗಿ ಬಂದುಬಿಡೋಣ’ ಎಂಬ ಮಾತು ಹುಟ್ಟುವುದು ದುರಾಶೆಯಿಂದಲ್ಲ, ಅನೇಕ ವೇಳೆ ಈ ಅವಶ್ಯಕತೆಯಿಂದಲೇ. ಹೆಚ್ಚು ಕಾಯಬೇಕಾದವನಿಗೇ ಕಾಯುವ ಶಕ್ತಿ ಕಡಮೆ. ಆದಕಾರಣ ಮಳೆಗಾಲದ ನಿಷೇಧವು ಸಣ್ಣವರನ್ನು ಕಟ್ಟಿಹಾಕುವ ಹಗ್ಗವೆಂದು ಮೇಲ್ನೋಟಕ್ಕೆ ತೋರಿದರೂ, ‘ಇಂದು ಬೇಡ’ ಎಂಬ ಕಠಿಣವಾದ ಮಾತನ್ನು ತಾಂಡೇಲನ ಪರವಾಗಿ ಆಡುವ ಹಿರಿಯನೂ ಹೌದು.

ಚಿಕ್ಕನಾಯಕನಹಳ್ಳಿಯ ಅಟ್ಟದಲ್ಲಿ ಕಾಯನ್ನು ಕಿವಿಗೆ ಹಿಡಿದ ಅಜ್ಜಿಗೂ, ಅಳಿವೆಯ ದಡದಲ್ಲಿ ನಿಂತು ಪಡುವಣ ಬಾನನ್ನು ದಿಟ್ಟಿಸುವ ತಾಂಡೇಲನಿಗೂ ಪರಿಚಯವಿಲ್ಲ. ಆದರೆ ಇಬ್ಬರೂ ಮಾಡುವುದು ಒಂದೇ ಕೆಲಸ. ಸೆಪ್ಟೆಂಬರು ಬಂದು, ಕಡಲಿನ ಬಣ್ಣವು ತಿಳಿಯಾಗಿ, ಮೊದಲ ಮಂಜಿಯು ಅಳಿವೆಯನ್ನು ದಾಟುವ ದಿನ, ಅದರ ಹೊಟ್ಟೆಯಲ್ಲಿ ದ್ವೀಪದ ಅಂಗಡಿಗಳಿಗೆ ಹೋಗುವ ಅಕ್ಕಿ, ಈರುಳ್ಳಿ, ಸಿಮೆಂಟುಗಳಿರುತ್ತವೆ. ಅಷ್ಟು ಹೊತ್ತಿಗೆ ಅಟ್ಟದ ಕಾಯಿಗಳಲ್ಲಿಯೂ ಕೆಲವು ಸದ್ದು ಬದಲಿಸಿರುತ್ತವೆ.